ಮಾರಿಕುಪ್ಪಂ ಟ್ರೈನಿನಿಂದ ಜೀನ್ ಲ್ಯಾಬಿಗೆ: ಕೆಜಿಎಫ್, ಬಂಗಾರಪೇಟೆಯ ಯುವಜನರಿಗೆ ಹತ್ತು ಸೂತ್ರಗಳು

10,79,947. ಕುಡಿತದ ಸಮಸ್ಯೆಗೂ ಜೀನ್‌ಗಳಿಗೂ ಇರುವ ನಂಟನ್ನು ಹುಡುಕಿದ ಒಂದು ದೊಡ್ಡ ಅಧ್ಯಯನ 2023ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಜನರ ಸಂಖ್ಯೆ ಇದು. ಇವರಲ್ಲಿ ಯುರೋಪ್ ಮೂಲದವರು 9,03,147. ಆಫ್ರಿಕಾ ಮೂಲದವರು 1,22,571. ದಕ್ಷಿಣ ಏಷ್ಯಾ ಮೂಲದವರು, ಅಂದರೆ ನಮ್ಮಂಥವರು, ಕೇವಲ 1,716. ಸಾವಿರಕ್ಕೆ ಇಬ್ಬರೂ ಇಲ್ಲ!

ಜಗತ್ತಿನ ಸುಮಾರು ಕಾಲು ಭಾಗ ಜನ ಬದುಕುವ ಪ್ರದೇಶಕ್ಕೆ ಸಿಕ್ಕಿದ ಜಾಗ ಇಷ್ಟೇ. ಈ ಅಂತರ ತುಂಬಬೇಕಾದರೆ ಹೊಸ ತಲೆಮಾರಿನ ಸಂಶೋಧಕರು, ಫೀಲ್ಡ್ ಕೆಲಸಗಾರರು, ಡೇಟಾ ಅನಲಿಸ್ಟ್‌ಗಳು ಬೇಕು. ಅವರಲ್ಲಿ ನೀವೊಬ್ಬರಾಗಿ. ನೀವು ಬಿಎಸ್ಸಿ ಓದುತ್ತಿರಬಹುದು, ನರ್ಸಿಂಗ್ ಮಾಡುತ್ತಿರಬಹುದು, ಎಂಎಸ್‌ಡಬ್ಲ್ಯೂ ಮುಗಿಸಿ ಕೆಲಸ ಹುಡುಕುತ್ತಿರಬಹುದು, ದಿನಾ ಬೆಳಿಗ್ಗೆ ಮಾರಿಕುಪ್ಪಂ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುತ್ತಿರಬಹುದು. ಈ ಸೂತ್ರಗಳು ನಿಮಗಾಗಿಯೇ.

1. ವಾದವನ್ನು ಎರಡೇ ನಿಮಿಷದಲ್ಲಿ ಹೇಳಲು ಕಲಿಯಿರಿ

ಇಂಥ ಸಂಶೋಧನೆಯ ಕೆಲಸಕ್ಕೆ ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆ ಇದೇ ಬರಬಹುದು: ಬೇರೆ ಬೇರೆ ಸಮುದಾಯಗಳ ಡಿಎನ್‌ಎ ಏಕೆ ಬೇಕು? ಮನುಷ್ಯರೆಲ್ಲ ಒಂದೇ ಅಲ್ಲವೇ? ಉತ್ತರ ಬಾಯಲ್ಲೇ ಇರಲಿ.

ಆಲ್ಕೋಹಾಲ್ ದೇಹದೊಳಗೆ ಹೋದಮೇಲೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗುತ್ತದೆ. ಅದನ್ನು ಕರಗಿಸುವ ಎನ್‌ಜೈಮ್‌ನ ಜೀನ್ ಎಎಲ್‌ಡಿಎಚ್2. ಚೀನಾ, ಜಪಾನ್, ಕೊರಿಯಾದ ಬಹಳಷ್ಟು ಜನರಲ್ಲಿ ಈ ಜೀನ್‌ನ ಒಂದು ರೂಪ ಕೆಲಸವನ್ನೇ ಸರಿಯಾಗಿ ಮಾಡುವುದಿಲ್ಲ. ಒಂದು ಗ್ಲಾಸ್ ಬಿಯರ್ ಕುಡಿದರೂ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ಹಾಗಾಗಿ ಅಂಥವರು ಚಟಕ್ಕೆ ಬೀಳುವುದು ಕಡಿಮೆ. ಕುಡಿತದಿಂದ ಕಾಪಾಡುವ ಜೀನ್ ಬದಲಾವಣೆಗಳಲ್ಲಿ ಇದು ಅತ್ಯಂತ ಬಲವಾದವುಗಳಲ್ಲಿ ಒಂದು. ಯುರೋಪಿನವರಲ್ಲಿ ಇದು ಇಲ್ಲವೆನ್ನುವಷ್ಟು ಅಪರೂಪ. ಯುರೋಪ್ ಮೂಲದವರನ್ನು ಮಾತ್ರ ನೋಡಿದ್ದರೆ ಈ ಸಂಗತಿ ಕೈಗೆ ಸಿಗುತ್ತಲೇ ಇರಲಿಲ್ಲ.

ಎರಡನೇ ಉದಾಹರಣೆ ಎಡಿಎಚ್1ಬಿ ಜೀನ್. ಅಮೆರಿಕದ ನಿವೃತ್ತ ಸೈನಿಕರ ದೊಡ್ಡ ಅಧ್ಯಯನದಲ್ಲಿ ಯುರೋಪ್ ಮೂಲದವರಲ್ಲಿ ಈ ಜೀನ್‌ನ ಒಂದು ಬದಲಾವಣೆ ಎದ್ದು ಕಂಡಿತು, ಆಫ್ರಿಕಾ ಮೂಲದವರಲ್ಲಿ ಅದೇ ಜೀನ್‌ನ ಬೇರೆಯದೇ ಬದಲಾವಣೆ. ಜೀನ್ ಒಂದೇ, ಸುಳಿವು ಬೇರೆ ಬೇರೆ. ಹಾಗಾದರೆ ಕೋಲಾರದವರಲ್ಲಿ ಏನಿದೆ? ಈ ಪ್ರಶ್ನೆಯನ್ನು ಇಂಟರ್‌ವ್ಯೂ ಮಾಡುವವರ ಮುಂದೆ ಇಡಿ.

2. ನಿಮ್ಮ ಭಾಷೆಗಳನ್ನು ರೆಸ್ಯೂಮ್‌ನ ಮೊದಲ ಸಾಲಿಗೆ ತನ್ನಿ

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್‌ನಲ್ಲಿ ಬೆಳೆದ ಹುಡುಗಿಗೆ ತಮಿಳು, ಕನ್ನಡ, ತೆಲುಗು, ಉರ್ದು ನಾಲ್ಕೂ ಬರುತ್ತವೆ. ಅವಳು ಅದನ್ನು ಬಯೋಡೇಟಾದ ಕೊನೆಯಲ್ಲಿ ಹವ್ಯಾಸಗಳ ಪಕ್ಕ ಬರೆಯುತ್ತಾಳೆ. ಇದು ತಪ್ಪು. ಇಂದೇ ತಿದ್ದಿ. ಕುಡಿತದಂಥ ನೋವಿನ ವಿಷಯವನ್ನು ಜನ ಮನೆಮಾತಿನಲ್ಲಿ ಮಾತ್ರ ಬಿಚ್ಚಿ ಹೇಳುತ್ತಾರೆ.

ಕೆಜಿಎಫ್‌ನ ಜನ ಎಲ್ಲಿಂದ ಬಂದವರು ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿನ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟಿನಿಂದ ತಮಿಳು ದಲಿತ ಕುಟುಂಬಗಳು ಬಂದವು, ಚಿತ್ತೂರಿನ ಕಡೆಯಿಂದ ತೆಲುಗರು ಬಂದರು. ಸುತ್ತಲ ಹಳ್ಳಿಗಳ ಕನ್ನಡಿಗರು, ತೆಲುಗರು ಮೊದಲೇ ಇದ್ದರು. ಮಲಯಾಳಿಗಳು, ಕಾವಲಿಗೆ ಪಂಜಾಬಿಗಳು, ವ್ಯಾಪಾರಕ್ಕೆ ಮಾರ್ವಾಡಿಗಳು, ಮೇಲ್ವಿಚಾರಣೆಗೆ ಆಂಗ್ಲೋ ಇಂಡಿಯನ್ನರು, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರೂ ಬಂದರು. ಇಷ್ಟು ವೈವಿಧ್ಯವಿರುವ ಊರಿನಲ್ಲಿ ಹುಟ್ಟಿದ್ದು ವೃತ್ತಿಯಲ್ಲಿ ನಿಮ್ಮ ದೊಡ್ಡ ಬಂಡವಾಳ. ಅದನ್ನು ಬಳಸಿ.

3. ಜಾತಿಯ ಕಾಲಂ ತುಂಬಿ ಸುಮ್ಮನಾಗಬೇಡಿ

ಭಾರತದಲ್ಲಿ ವೈವಿಧ್ಯ ಅಂದರೆ ಬರೀ ‘ಇಂಡಿಯನ್’ ಎಂಬ ಒಂದು ಟಿಕ್ ಮಾರ್ಕ್ ಅಲ್ಲ. ತಲೆತಲಾಂತರದಿಂದ ಒಳಗೊಳಗೇ ಮದುವೆಯಾಗುತ್ತ ಬಂದ ಸಾವಿರಾರು ಗುಂಪುಗಳಿವೆ. ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದ 2017ರ ಒಂದು ಅಧ್ಯಯನದಲ್ಲಿ 81 ಗುಂಪುಗಳು ಫಿನ್‌ಲೆಂಡಿನವರಿಗಿಂತಲೂ ಅಶ್ಕೆನಾಜಿ ಯಹೂದಿಗಳಿಗಿಂತಲೂ ಬಲವಾಗಿ, ಕೆಲವೇ ಪೂರ್ವಜರಿಂದ ಬೆಳೆದುಬಂದ ಗುರುತನ್ನು ತೋರಿದವು. ಆರ್ಯ ವೈಶ್ಯರ ಉದಾಹರಣೆ ವೈದ್ಯರಿಗೆ ಗೊತ್ತಿರುವಂಥದ್ದೇ: ಅವರಲ್ಲಿ ಕೆಲವರಿಗೆ ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧ ಬೇಗ ಇಳಿಯುವುದಿಲ್ಲ, ಕಾರಣ ಒಂದು ಜೀನ್. ಈ ವಿಷಯ ಗೊತ್ತಿರುವ ಅನಸ್ತೇಷಿಯಾ ಡಾಕ್ಟರ್ ಮೊದಲೇ ಎಚ್ಚರ ವಹಿಸುತ್ತಾರೆ, ಜೀವ ಉಳಿಯುತ್ತದೆ.

ಆದ್ದರಿಂದ ಕೇಳಬೇಕಾದ್ದನ್ನು ಕೇಳಿ. ಅಜ್ಜ ಅಜ್ಜಿ ನಾಲ್ವರೂ ಹುಟ್ಟಿದ ಊರು ಯಾವುದು? ಮನೆಮಾತು ಯಾವುದು? ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ಮದುವೆಯಾಗಿದ್ದು ಉಂಟೇ? ಮೂರು ತಲೆಮಾರಿನ ವಂಶವೃಕ್ಷ ಬರೆಯುವುದನ್ನು ಅಭ್ಯಾಸ ಮಾಡಿ. ಮೊದಲು ನಿಮ್ಮದೇ ಮನೆಯದನ್ನು ಬರೆಯಿರಿ. ಮನೆಯ ಹಿರಿಯ ಹೆಂಗಸರ ಹತ್ತಿರ ಕೂತು ಬರೆಯಿರಿ; ಯಾರು ಯಾರಿಗೆ ಏನಾಗಬೇಕು, ಯಾರು ಯಾವ ವಯಸ್ಸಿಗೆ ಕುಡಿಯಲು ಶುರು ಮಾಡಿದರು, ಯಾರು ಬಿಟ್ಟರು ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿರುತ್ತದೆ.

4. ನೈಂಟಿ ಎಂದರೆ ಎಷ್ಟು ಗ್ರಾಂ? ಲೆಕ್ಕ ಕಲಿಯಿರಿ

ಜೀನ್ ಅಧ್ಯಯನ ಹಾಳಾಗುವುದು ಲ್ಯಾಬಿನಲ್ಲಿ ಅಷ್ಟಾಗಿ ಅಲ್ಲ, ಪ್ರಶ್ನಾವಳಿಯಲ್ಲಿ. ಡಿಎನ್‌ಎ ಎಷ್ಟೇ ಚೆನ್ನಾಗಿ ಓದಿದರೂ ಯಾರು ಎಷ್ಟು ಕುಡಿಯುತ್ತಾರೆ ಎಂಬ ಲೆಕ್ಕ ತಪ್ಪಾದರೆ ಫಲಿತಾಂಶ ತಪ್ಪೇ.

ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಪ್ರಶ್ನಾವಳಿಯನ್ನು ಬಾಯಿಪಾಠ ಮಾಡಿ. ಹತ್ತು ಪ್ರಶ್ನೆ, 40 ಅಂಕ, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆ. ಅದರಲ್ಲಿ ಬರುವ ಒಂದು ಪ್ರಶ್ನೆ, ಒಂದು ದಿನಕ್ಕೆ ಎಷ್ಟು ಡ್ರಿಂಕ್ ಎಂಬುದು. ಡ್ರಿಂಕ್ ಎಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಈಗ ಆಂಡರ್ಸನ್‌ಪೇಟೆಯಲ್ಲಿ ಒಬ್ಬರನ್ನು ಕೇಳಿ. ‘ಒಂದೇ ಸಾರ್, ಒಂದು ನೈಂಟಿ’ ಎನ್ನುತ್ತಾರೆ. ನೀವು ‘1’ ಎಂದು ಬರೆದುಕೊಂಡರೆ ಕೆಟ್ಟಿತು. ಶೇಕಡಾ 42.8 ಆಲ್ಕೋಹಾಲ್ ಇರುವ 90 ಎಂಎಲ್ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅಂದರೆ ಮೂರು ಡ್ರಿಂಕ್. ಕ್ವಾರ್ಟರ್ ಎಂದರೆ 180 ಎಂಎಲ್, ಆರು ಡ್ರಿಂಕ್. ‘ದಿನಾ ಒಂದು ಕ್ವಾರ್ಟರ್ ಅಷ್ಟೇ’ ಎನ್ನುವವರು ವಾರಕ್ಕೆ 42 ಡ್ರಿಂಕ್ ಕುಡಿಯುತ್ತಿದ್ದಾರೆ.

ಹಿರಿಯರನ್ನು ಕೇಳುವಾಗ ಇನ್ನೊಂದು ಎಚ್ಚರ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದಕ್ಕೂ ಮುಂಚೆ ಕುಡಿಯುತ್ತಿದ್ದವರ ಲೆಕ್ಕ ಸಾರಾಯಿ ಸ್ಯಾಷೆಯಲ್ಲಿರುತ್ತದೆ, ಆಮೇಲಿನದ್ದು ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಈ ಒಂದು ಶಿಸ್ತಿನಿಂದಲೇ ನೀವು ಟೀಮಿನಲ್ಲಿ ಬೇಕಾದವರಾಗುತ್ತೀರಿ.

5. ಜೀನ್ ಅರ್ಧ ಕಥೆ, ಉಳಿದರ್ಧವನ್ನೂ ಅಳೆಯಿರಿ

ಅವಳಿ ಮಕ್ಕಳ ಮತ್ತು ಕುಟುಂಬಗಳ ಅಧ್ಯಯನಗಳು ಹೇಳುವುದು ಇದು: ಜನರ ನಡುವೆ ಕುಡಿತದ ಕಾಯಿಲೆಯ ಅಪಾಯ ಹೆಚ್ಚುಕಡಿಮೆಯಾಗುವುದರಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಯದು. ಉಳಿದದ್ದು ಬದುಕಿನದು.

ಆ ಬದುಕು ಕೆಜಿಎಫ್‌ನಲ್ಲಿ ಹೇಗಿತ್ತು? ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದಿತ್ತು. ಒಳಗೆ ಬಂಡೆಯ ಸೆಖೆ, ಸಿಲಿಕಾ ಧೂಳು, ಬಂಡೆ ಸಿಡಿಯುವ ಭಯ. ಪಾಳಿ ಮುಗಿಸಿ ಮೇಲೆ ಬಂದವರಿಗೆ ಲೈನ್ ಮನೆ, ಹತ್ತಿರದಲ್ಲೇ ಸಾರಾಯಿ ಅಂಗಡಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್‌ನ (ಬಿಜಿಎಂಎಲ್) ಗಣಿಗಳು ಮುಚ್ಚಿದವು. ಒಂದೇ ದಿನಕ್ಕೆ ಸಾವಿರಾರು ಮನೆಗಳ ಸಂಬಳ ನಿಂತಿತು. ಅಪ್ಪನ ಕೆಲಸ ಹೋದಾಗ ಹತ್ತು ವರ್ಷದವನಿದ್ದ ಹುಡುಗನಿಗೆ ಈಗ ಮೂವತ್ತು ದಾಟಿದೆ. ಅವನು ಕುಡಿಯುತ್ತಿದ್ದರೆ ಜೀನ್ ಎಷ್ಟು, 2001 ಎಷ್ಟು? ಎರಡನ್ನೂ ಅಳೆಯದೆ ಯಾರೂ ತೀರ್ಪು ಕೊಡಬಾರದು.

ಅಮೆರಿಕದ ಮೂಲನಿವಾಸಿಗಳಿಗೆ ‘ಅವರ ರಕ್ತದಲ್ಲೇ ಕುಡಿತವಿದೆ’ ಎಂದು ಬಹುಕಾಲ ಹಣೆಪಟ್ಟಿ ಹಚ್ಚಲಾಯಿತು. ವಿಜ್ಞಾನ ಅದನ್ನು ಒಪ್ಪುವುದಿಲ್ಲ. ಗಣಿ ಕಾರ್ಮಿಕರ ಮೊಮ್ಮಕ್ಕಳಿಗೆ ಅಂಥ ಹಣೆಪಟ್ಟಿ ಬೀಳಲು ಬಿಡಬೇಡಿ. ವರದಿಯ ಕರಡಿನಲ್ಲಿ ಅಂಥ ವಾಕ್ಯ ಕಂಡರೆ ಕೆಂಪು ಪೆನ್ ಹಿಡಿಯಿರಿ, ಮೇಲಿನವರಿಗೆ ಮೇಲ್ ಹಾಕಿ.

6. ಒಪ್ಪಿಗೆ ಪಡೆಯುವ ಕಲೆಯಲ್ಲಿ ಎಲ್ಲರಿಗಿಂತ ಮುಂದಿರಿ

1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಕೆಜಿಎಫ್ ಕಾರ್ಮಿಕರು ಮುಷ್ಕರ ಹೂಡಿದರು. ತಮ್ಮನ್ನು ಅಪರಾಧಿಗಳಂತೆ ನೋಡುತ್ತಾರೆಂದು ಅವರಿಗೆ ಅನಿಸಿತ್ತು. ಬೆರಳಿನ ಗುರುತಿಗೇ ಕೆಲಸ ನಿಲ್ಲಿಸಿದವರ ಊರು ಇದು. ಅಲ್ಲಿ ರಕ್ತದ ಟ್ಯೂಬ್ ಹಿಡಿದು ಹೋಗುವ ಮುಂಚೆ ಈ ಇತಿಹಾಸ ಓದಿ.

ಹೊರಗಿನ ಪಾಠವೂ ಇದೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನ ಹವಾಸುಪಾಯಿ ಜನರಿಂದ 1990ರಿಂದ ಡಯಾಬಿಟಿಸ್ ಅಧ್ಯಯನಕ್ಕೆಂದು ರಕ್ತ ಪಡೆದರು. ಆಮೇಲೆ ಅವರಿಗೆ ತಿಳಿಸದೆ ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಸಂಶೋಧನೆಗೆ, ಅವರ ಮೂಲ ಎಲ್ಲಿಯದು ಎಂಬ ಹುಡುಕಾಟಕ್ಕೆ ಬಳಸಿದರು. ವಿಷಯ ಕೋರ್ಟಿಗೆ ಹೋಯಿತು. 2010ರಲ್ಲಿ, ರಕ್ತ ಪಡೆದಿದ್ದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಕಡೆಯವರು 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನು ಹಿಂದಿರುಗಿಸಿದರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯನ್ನು ಇಡಿಯಾಗಿ ಓದಿ. ಸ್ಯಾಂಪಲ್ ಎಷ್ಟು ವರ್ಷ ಇಡುತ್ತೀರಿ, ಬೇರೆ ಅಧ್ಯಯನಕ್ಕೆ ಬಳಸುತ್ತೀರಾ, ವಿದೇಶಕ್ಕೆ ಕಳಿಸುತ್ತೀರಾ, ಮಧ್ಯೆ ಬೇಡವೆಂದರೆ ಏನು ಮಾಡುತ್ತೀರಿ: ಇವನ್ನೆಲ್ಲ ಅವರ ಭಾಷೆಯಲ್ಲಿ, ಅವರಿಗೆ ಬಿಡುವಿದ್ದ ಹೊತ್ತಲ್ಲಿ ಹೇಳಿ. ಕುಡಿದಿರುವವರಿಂದ ಸಹಿ ಪಡೆಯಬೇಡಿ. ಹೆಬ್ಬೆಟ್ಟು ಒತ್ತುವವರ ಜೊತೆ ಸಾಕ್ಷಿ ಇರಲಿ. ‘ಅಣ್ಣ, ಬೇಡ ಅಂದ್ರೂ ನಿಮಗೆ ಸಿಗೋ ಟ್ರೀಟ್‌ಮೆಂಟ್ ನಿಲ್ಲಲ್ಲ’ ಎಂಬ ಮಾತನ್ನು ಮೊದಲೇ ಹೇಳಿ. ನಂಬಿಕೆ ಗಳಿಸಿದ ಫೀಲ್ಡ್ ಕೆಲಸಗಾರ ಎರಡನೇ ಸಲ ಹೋದಾಗ ಬಾಗಿಲು ತೆರೆದೇ ಇರುತ್ತದೆ.

7. ಲ್ಯಾಪ್‌ಟಾಪ್ ತೆರೆಯಿರಿ, ಈ ವಾರವೇ ಒಂದು ಪ್ರಾಜೆಕ್ಟ್ ಮಾಡಿ

ಕಾಲೇಜಿನಲ್ಲಿ ಲ್ಯಾಬ್ ಇಲ್ಲ ಎಂಬ ನೆಪ ಬಿಡಿ. ‘1000 ಜೀನೋಮ್ಸ್’ ಯೋಜನೆಯ ಡೇಟಾ ಉಚಿತ. 26 ಜನಸಮೂಹಗಳ 2,504 ಜನರ ಮಾಹಿತಿ ಅದರಲ್ಲಿದೆ. ದಕ್ಷಿಣ ಏಷ್ಯಾದ ಐದು ಗುಂಪುಗಳಿವೆ: ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಗುಜರಾತಿಗಳು, ಬ್ರಿಟನ್ನಿನಲ್ಲಿರುವ ತೆಲುಗರು, ಬ್ರಿಟನ್ನಿನಲ್ಲಿರುವ ಶ್ರೀಲಂಕಾ ತಮಿಳರು. ಕನ್ನಡಿಗರ ಗುಂಪು ಇಲ್ಲ. ಇದೂ ನಿಮ್ಮ ಇಂಟರ್‌ವ್ಯೂಗೆ ಒಂದು ಒಳ್ಳೆಯ ಅಂಶ.

ಮಾಡಬೇಕಾದ್ದು ಇಷ್ಟು. ಆರ್‌ಎಸ್671 ಎಂಬುದು ಎಎಲ್‌ಡಿಎಚ್2 ಬದಲಾವಣೆಯ ಗುರುತು, ಆರ್‌ಎಸ್1229984 ಎಂಬುದು ಎಡಿಎಚ್1ಬಿಯದು. ಇವೆರಡೂ ಆ ಐದು ಗುಂಪುಗಳಲ್ಲಿ ಎಷ್ಟೆಷ್ಟು ಕಾಣುತ್ತವೆ ಎಂದು ಹುಡುಕಿ. ಚೀನಾ, ಜಪಾನ್ ಗುಂಪುಗಳ ಪಕ್ಕ ಇಟ್ಟು ಒಂದು ಗ್ರಾಫ್ ಹಾಕಿ. ಆಮೇಲೆ ‘ಆರ್’ ಅಥವಾ ಪೈಥಾನ್, ಲಿನಕ್ಸ್ ಕಮಾಂಡ್‌ಗಳು, ‘ಪ್ಲಿಂಕ್’ ಸಾಫ್ಟ್‌ವೇರ್ ಕಲಿಯಿರಿ. ಎಲ್ಲವೂ ಉಚಿತ. ಟ್ರೈನಿನಲ್ಲಿ ಕೂತು ಫೋನಿನಲ್ಲೇ ಅಂಕಿಅಂಶ ಶಾಸ್ತ್ರದ ಪಾಠ ಕೇಳಿ. ಬೆಂಗಳೂರಿಗೆ ಹೋಗಿ ಬರುವ ಸಮಯ ಯಾವ ಕೋಚಿಂಗ್ ಸೆಂಟರಿಗೂ ಕಡಿಮೆಯಿಲ್ಲ.

8. ಬಾಗಿಲುಗಳ ಹೆಸರು ತಿಳಿದುಕೊಳ್ಳಿ, ಒಂದೊಂದನ್ನೂ ತಟ್ಟಿ

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್ ಇದೆ. ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ತಂಡ 1990ರ ದಶಕದಲ್ಲೇ ಕುಡುಕರ ಮಕ್ಕಳ ಮೆದುಳಿನ ಅಲೆಗಳನ್ನು ಅಳೆದು, ಕುಡಿಯಲು ಶುರು ಮಾಡುವ ಮುಂಚೆಯೇ ಅಪಾಯದ ಗುರುತು ಕಾಣುತ್ತದೆಯೇ ಎಂದು ನೋಡುತ್ತಿದ್ದರು. ನಿಮ್ಹಾನ್ಸ್ ಮುಂದಾಳತ್ವದ ‘ಸಿ-ವೇದ’ ಅಧ್ಯಯನ ಭಾರತದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸುಮಾರು 9 ಸಾವಿರ ಜನರನ್ನು ಸೇರಿಸಿಕೊಂಡಿತು. ಇಂಫಾಲ, ಚಂಡೀಗಢ, ಕೋಲ್ಕತ್ತ, ಮೈಸೂರು, ಬೆಂಗಳೂರು ಅದರಲ್ಲಿವೆ. ಮದನಪಲ್ಲಿ ಬಳಿಯ ರಿಷಿ ವ್ಯಾಲಿಯೂ ಇದೆ, ಅದು ಕೋಲಾರದವರಿಗೆ ಪಕ್ಕದ ಊರೇ. ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸೇರಿ ನಡೆಸಿದ ‘ಎಡಿಬಿಎಸ್’ ಯೋಜನೆ, ಒಂದೇ ಮನೆಯ ಹಲವರಿಗೆ ಮಾನಸಿಕ ಕಾಯಿಲೆಯಿರುವ ಕುಟುಂಬಗಳನ್ನು ನೋಡುತ್ತದೆ. ವ್ಯಸನವೂ ಅದರಲ್ಲಿ ಸೇರಿದೆ. ಐಐಎಸ್ಸಿಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ನಡೆಸಿದ ‘ಜೀನೋಮ್ ಇಂಡಿಯಾ’ 83 ಸಮುದಾಯಗಳ ಸುಮಾರು 10 ಸಾವಿರ ಜನರ ಜೀನೋಮ್ ಓದಿದೆ. ಆ ಡೇಟಾ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಹತ್ತಿರದಲ್ಲೇ ಕೋಲಾರದ ಟಮಕದ ದೇವರಾಜ ಅರಸು ವೈದ್ಯಕೀಯ ವಿದ್ಯಾಸಂಸ್ಥೆಯಲ್ಲಿ ಮಾಲಿಕ್ಯುಲರ್ ಜೆನೆಟಿಕ್ಸ್ ವಿಭಾಗವಿದೆ.

ಪರೀಕ್ಷೆಗಳು: ಎಂಎಸ್ಸಿಗೆ ಐಐಟಿ ಜಾಮ್, ಗ್ಯಾಟ್-ಬಿ, ಸಿಯುಇಟಿ ಪಿಜಿ. ಬಯೋಇನ್ಫರ್ಮ್ಯಾಟಿಕ್ಸ್‌ಗೆ ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿ. ಪಿಎಚ್‌ಡಿಗೆ ಸಿಎಸ್‌ಐಆರ್ ನೆಟ್. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಸಮಾಜಕಾರ್ಯ ಓದಿದವರಿಗೆ ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗ. ಕ್ಯಾಲೆಂಡರ್‌ನಲ್ಲಿ ದಿನಾಂಕ ಗುರುತು ಹಾಕಿ.

9. ‘ನಮ್ಮ ಊರಿಂದ ಇದೆಲ್ಲಾ ಆಗುತ್ತಾ’ ಎಂಬ ಅಭ್ಯಾಸ ಬಿಡಿ

ಅನುಮಾನ ಒಂದು ಅಭ್ಯಾಸ, ಅಭ್ಯಾಸ ಬದಲಾಗುತ್ತದೆ. ನಂಜನಗೂಡಿನ ಕಡೆಯ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೆಜಿಎಫ್ ಗಣಿಯೊಳಗೆ ಇಳಿದು ಕಾಸ್ಮಿಕ್ ಕಿರಣಗಳ ಪ್ರಯೋಗ ಮಾಡಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಮತ್ತು ಬ್ರಿಟನ್ನಿನ ಡರ್ಹಮ್‌ನ ವಿಜ್ಞಾನಿಗಳು ಸೇರಿ ವಾತಾವರಣದ ನ್ಯೂಟ್ರಿನೊಗಳನ್ನು ಅದೇ ಗಣಿಯ ಆಳದಲ್ಲಿ ಪತ್ತೆ ಹಚ್ಚಿದರು. ಜಗತ್ತಿನ ಮಟ್ಟದ ವಿಜ್ಞಾನ ನಿಮ್ಮ ಕಾಲ ಕೆಳಗೆ ಆಗಲೇ ನಡೆದಿದೆ. ಮುಂದಿನದ್ದು ನಿಮ್ಮ ಪಾಳಿ.

10. ಮೊದಲು ಮನೆ ನೋಡಿ, ಕೊನೆಗೆ ಊರಿಗೆ ಮರಳಿ ಬನ್ನಿ

ಕೇಂದ್ರ ಸರ್ಕಾರದ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 5.7 ಕೋಟಿಗೂ ಹೆಚ್ಚು ಭಾರತೀಯರು ಹಾನಿಕರವಾಗಿ ಕುಡಿಯುತ್ತಾರೆ ಅಥವಾ ಕುಡಿತಕ್ಕೆ ಅಂಟಿಕೊಂಡಿದ್ದಾರೆ. ಅವರಲ್ಲೊಬ್ಬರು ನಿಮ್ಮ ಅಪ್ಪನೋ ಅಣ್ಣನೋ ಆಗಿರಬಹುದು. ಹಾಗಿದ್ದರೆ ಜೀನ್ ಫಲಿತಾಂಶ ಬರಲಿ ಎಂದು ಕಾಯಬೇಡಿ. ಕುಡಿತ ಚಿಕಿತ್ಸೆಯಿರುವ ಕಾಯಿಲೆ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ, ಆದ್ದರಿಂದ ಡಾಕ್ಟರ ಮೇಲ್ವಿಚಾರಣೆಯಲ್ಲೇ ಬಿಡಿಸಿ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಕುಡಿಯುತ್ತಾರೆಂದು ನಿಮ್ಮ ಹಣೆಬರಹ ಬರೆದಾಗಿಲ್ಲ. ನಿಮಗೆ ಅಪಾಯ ಹೆಚ್ಚು ಎಂಬುದು ಮುಂಚೆಯೇ ಗೊತ್ತಿರುವುದು ನಿಮ್ಮ ಅನುಕೂಲ. ಮೊದಲ ಗ್ಲಾಸನ್ನೇ ಮುಟ್ಟಬೇಡಿ.

ಮತ್ತು ನೀವು ಸಂಶೋಧಕರಾದ ದಿನ ಒಂದು ಕೆಲಸ ತಪ್ಪಿಸಬೇಡಿ. ರಕ್ತ ಕೊಟ್ಟವರಿಗೆ ಫಲಿತಾಂಶ ಹೇಳಿ. ಇಂಗ್ಲಿಷ್ ಪೇಪರ್ ಪ್ರಕಟವಾದ ತಿಂಗಳಲ್ಲೇ ಬಂಗಾರಪೇಟೆಯ ಸಮುದಾಯ ಭವನದಲ್ಲೋ ಊರ್ಗಾಂನ ಶಾಲೆಯಲ್ಲೋ ಸಭೆ ಸೇರಿಸಿ, ತಮಿಳು, ತೆಲುಗು, ಕನ್ನಡ, ಉರ್ದುವಿನಲ್ಲಿ ಅರ್ಧ ಗಂಟೆ ಮಾತಾಡಿ, ಪ್ರಶ್ನೆಗಳಿಗೆ ಒಂದು ಗಂಟೆ ಬಿಡಿ. ಹತ್ತು ಲಕ್ಷದ ಪಟ್ಟಿಯಲ್ಲಿ 1,716 ಎಂಬ ಸಂಖ್ಯೆ ದೊಡ್ಡದಾಗಬೇಕಾದರೆ ಜನ ನಂಬಿ ಮುಂದೆ ಬರಬೇಕು. ಅವರ ಮನೆ ಬಾಗಿಲಿಗೆ ಹೋಗಬಲ್ಲವರು ನೀವು. ಇವತ್ತೇ ನಿಮ್ಮ ಮನೆಯ ವಂಶವೃಕ್ಷದಿಂದ ಶುರು ಮಾಡಿ.